ಅವ್ವ ಎಮ್ಮೆ ನೋಡಲು ಹೋಗುತ್ತಿದ್ದ ಗುಡ್ಡ

ಶಫೀಕ್ ಆ ನಕ್ಷೆ ತಂದ ದಿನ ನಾನು ಹೆಸರುಬೇಳೆ ಆರಿಸುತ್ತ ಕೂತಿದ್ದೆ. ಶಫೀಕ್ ನನ್ನ ಹಳೆಯ ವಿದ್ಯಾರ್ಥಿ. ಈಗ ಅವನ ಗಡ್ಡವೇ ನೆರೆತಿದೆ, ಮಾಣಿಕನಗರದ ರಸ್ತೆಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟುಕೊಂಡಿದ್ದಾನೆ. ಹುಮನಾಬಾದಿನ ಹೈಸ್ಕೂಲಿನಲ್ಲಿ ನಾನು ಮೂವತ್ತು ವರ್ಷಕ್ಕೂ ಮೇಲೆ ಭೂಗೋಳ ಕಲಿಸಿದೆ. ಮೊದಮೊದಲ ವರ್ಷಗಳ ಮಕ್ಕಳಲ್ಲಿ ಇವನೂ ಒಬ್ಬ, ಹಿಂದಿನ ಬೆಂಚಿನವನು. ಆದರೂ ಹಬ್ಬಕ್ಕೊಮ್ಮೆ ಬಂದು ಶೀರ್ಖುರ್ಮಾ ಕೊಟ್ಟು ಹೋಗುವುದನ್ನು ಇವನಷ್ಟು ತಪ್ಪದೆ ಮುಂದಿನ ಬೆಂಚಿನವರು ಯಾರೂ ಮಾಡಿಲ್ಲ. ಆ ದಿನ ಅವನ ಬಗಲಲ್ಲಿ ಬಟ್ಟೆ ಅಂಟಿಸಿದ, ಮಡಿಕೆ ಬಿದ್ದ ದೊಡ್ಡ ಕಾಗದವಿತ್ತು. ಅದನ್ನು ಊಟದ ಮೇಜಿನ ಮೇಲೆ ಹಾಸಿ, ನಾಲ್ಕು ಮೂಲೆಗೂ ನನ್ನ ಸ್ಟೀಲಿನ ಬಟ್ಟಲುಗಳನ್ನೇ ಇಟ್ಟ.

“ಯಾರೋ ಕಟ್ಟ ಹಾಕಾಕ ಕೊಟ್ಟು ಹೋದ್ರು ಟೀಚರ್. ಎರಡ ವರ್ಷ ಆಯ್ತು, ತಿರುಗಿ ನೋಡಿಲ್ಲ. ನಮ್ಮ ಕಡೀದೇ ನಕ್ಷಾ ಅದ. ನನಗ ಇದರಾಗ ಏನೂ ತಿಳೀವಲ್ದು. ನಿಮಗ ತಿಳೀತದ ಅಂತ ತಂದೀನಿ.”

ಅದು ಸರ್ವೆಯವರ ಹಳೆಯ ಸ್ಥಳಾಕೃತಿ ನಕ್ಷೆ. ಒಂದು ಇಂಚಿಗೆ ಒಂದು ಮೈಲಿ. ಇಂಥ ನಕ್ಷೆಯನ್ನು ಓದುವುದು ಹೇಗೆಂದು ನಾನು ಎಷ್ಟು ಮಕ್ಕಳಿಗೆ ಕಲಿಸಿದ್ದೇನೋ ಲೆಕ್ಕವಿಲ್ಲ, ಆದರೆ ಕಲಿಸಿದ್ದೆಲ್ಲ ಪಠ್ಯಪುಸ್ತಕದ ಅಂಗೈಯಗಲದ ಚಿತ್ರದಿಂದ. ನಿಜವಾದ ನಕ್ಷೆಯೊಂದನ್ನು ಕೈಯಿಂದ ಮುಟ್ಟಿದ್ದು ಅದೇ ಮೊದಲು. ಕಂದು ಬಣ್ಣದ ಎತ್ತರದ ರೇಖೆಗಳು, ನೀಲಿ ಹಳ್ಳಗಳು, ಕೆಂಪು ರಸ್ತೆ. ಹುಮನಾಬಾದ್ ಸಿಕ್ಕಿತು. ಕಲ್ಯಾಣದ ಕೋಟೆ ಸಿಕ್ಕಿತು. ನಡುವಿನ ರಸ್ತೆಯ ಮೇಲೆ ಬೆರಳು ಸರಿಸುತ್ತ ಹೋಗಿ ಒಂದು ಕಡೆ ಎಡಕ್ಕೆ ಹೊರಳಿದೆ. ಯಾಕೆ ಹೊರಳಿದೆ ಎಂದು ನನಗೇ ಗೊತ್ತಿರಲಿಲ್ಲ, ಬೆರಳಿಗೆ ಗೊತ್ತಿತ್ತು. ಅಲ್ಲಿ ಮಾಸಿದ ಹಸಿರು ಬಣ್ಣ ಹಬ್ಬಿತ್ತು. ಹಸಿರಿನ ನಡುವೆ ಸಾಸಿವೆ ಕಾಳಿನಷ್ಟು ಒಂದು ಕಪ್ಪು ಚೌಕ, ಅದರ ಪಕ್ಕ ಬಾವಿಯ ನೀಲಿ ಚುಕ್ಕೆ, ಜಂಗಲ್ ಚೌಕಿ ಎಂದು ಇಂಗ್ಲಿಷಿನಲ್ಲಿ ಸಣ್ಣ ಬರಹ.

“ಏನಾಯ್ತ್ರಿ ಟೀಚರ್?”

“ಇಲ್ಲಿ ನಾವು ಇದ್ವಿ ಶಫೀಕ್. ನಾನು, ನಮ್ಮವ್ವ, ನಮ್ಮಪ್ಪ.”

ನಮ್ಮಪ್ಪ ಜಂಗಲ್ ಗಾರ್ಡ್. ಆ ಚೌಕಿಯೇ ನಮ್ಮ ಮನೆ. ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ, ಮೇಲೆ ಹಂಚು, ಒಂದರ ಹಿಂದೆ ಒಂದು ಸಾಲಾಗಿ ಮೂರು ಖೋಲಿ. ಮುಂದಿನ ಖೋಲಿ ಸರ್ಕಾರದ್ದು. ಅಲ್ಲಿ ಅಪ್ಪನ ಮೇಜು, ಮರಕ್ಕೆ ಮೊಹರು ಹೊಡೆಯುವ ಸುತ್ತಿಗೆ, ಮೂಲೆಯಲ್ಲಿ ಮರಗಳ್ಳರಿಂದ ಕಸಿದುಕೊಂಡ ಕೊಡಲಿಗಳು. ಪ್ರತಿ ಕೊಡಲಿಯ ಕಾವಿಗೂ ಒಂದು ಚೀಟಿ ಕಟ್ಟಿರುತ್ತಿತ್ತು. ನಾನು ಅಕ್ಷರ ಕಲಿತದ್ದು ಆ ಚೀಟಿಗಳ ಮೇಲಿನ ಹೆಸರುಗಳನ್ನು ಕೂಡಿಸಿ ಓದುತ್ತ. ನಡುವಿನ ಖೋಲಿಯಲ್ಲಿ ಮಲಗುವುದು, ಕಾಳಿನ ಗಡಿಗೆಗಳು, ಗೂಟಕ್ಕೆ ಅಪ್ಪನ ಖಾಕಿ ಅಂಗಿ. ಹಿಂದಿನದು ಅಡಿಗೆಯದು, ಅದು ಪೂರಾ ಅವ್ವನ ರಾಜ್ಯ. ಅಡಿಗೆ ಖೋಲಿಯ ಬಾಗಿಲು ತೆರೆದರೆ ಬಾವಿ, ಬಾವಿ ದಾಟಿದರೆ ಮುತ್ತಲ ಗಿಡ, ಸೀತಾಫಲ, ತರವಡ, ಬೋರೆ, ಕಾರೆ. ಮಳೆಗಾಲದಲ್ಲಿ ಎಲ್ಲ ಹಸಿರಾಗಿ ಕತ್ತಲೆಗಟ್ಟಿದಂತಿರುತ್ತಿತ್ತು. ಬೇಸಗೆಯಲ್ಲಿ ಎಲೆ ಉದುರಿ ಗುಡ್ಡದ ಮೈಯೆಲ್ಲ ಕಾಣುತ್ತಿತ್ತು, ಆಗ ಮುತ್ತಲ ಮಾತ್ರ ಕೆಂಡದ ಹಾಗೆ ಹೂ ಬಿಡುತ್ತಿತ್ತು. ಬೆಳಿಗ್ಗೆ ಎಮ್ಮೆಯ ಬಾನಿಯಲ್ಲಿ ನೀರು ಕುಡಿಯಲು ಚಿಗರಿಗಳು ಬರುತ್ತಿದ್ದವು. ಅವ್ವ ಅವಕ್ಕೆ ಸದ್ದು ಕೇಳದ ಹಾಗೆ ಹಿಂದಿನ ಮೆಟ್ಟಿಲ ಮೇಲೆ ಕೂತು ಹಲ್ಲು ತಿಕ್ಕುತ್ತಿದ್ದಳು.

ಸುತ್ತ ಇಷ್ಟು ಮರವಿದ್ದರೂ ನಮ್ಮ ಒಲೆಗೆ ಕಟ್ಟಿಗೆಯ ಕೊರತೆ. ಹಸಿ ಕೊಂಬೆ ಮುರಿಯುವಂತಿಲ್ಲ, ಒಣಗಿ ನಿಂತ ಮರ ಮುಟ್ಟುವಂತಿಲ್ಲ, ನೆಲಕ್ಕೆ ಬಿದ್ದ ಪುಳ್ಳೆಯನ್ನಷ್ಟೇ ಆಯಬೇಕು ಎಂದು ಅಪ್ಪನ ಕಟ್ಟುನಿಟ್ಟು. ಅವ್ವ ಅರ್ಧ ದಿನ ಕುಳ್ಳು ತಟ್ಟಿ, ಪುಳ್ಳೆ ಆಯ್ದು ರೊಟ್ಟಿ ಬಡಿಯುತ್ತಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೆ ಶೇಂಗಾ ಹಿಂಡಿ. ದಸರೆಯ ಹೊತ್ತಿಗೆ ಸೀತಾಫಲದ ಕಾಯಿಗಳನ್ನು ಜೋಳದ ಗಡಿಗೆಯಲ್ಲಿ ಹುಗಿದಿಟ್ಟು ಹಣ್ಣು ಮಾಡುತ್ತಿದ್ದಳು. ಆ ಹಣ್ಣಿಗೂ ಮೊದಲು ಅಪ್ಪನ ಒಪ್ಪಿಗೆ ಬೇಕಿತ್ತು. “ಇದೂ ಸರ್ಕಾರದ್ದೇ ಏನ್ರಿ?” ಎಂದು ಅವ್ವ ನಗುತ್ತ ಕೇಳುತ್ತಿದ್ದಳು, ಅಪ್ಪ ನಗದೆ ಯೋಚಿಸುತ್ತಿದ್ದ. ನನ್ನ ನಂತರ ಹುಟ್ಟಿದ ಎರಡು ಕೂಸುಗಳು ಉಳಿಯಲಿಲ್ಲ. ಹಾಗಾಗಿ ಆ ಮೂರು ಖೋಲಿಗೆ ನಾವು ಮೂವರೇ.

ಅವ್ವನ ತವರು ಬೇವಿನವಾಡಿ. ಅಲ್ಲಿ ಅವ್ವನ ತಾಯಿ, ನಮ್ಮ ಆಯಿ ಇದ್ದಳು, ಅವ್ವನ ಅಣ್ಣ ಶರಣಪ್ಪ ಮಾಮಾ ಮತ್ತು ಅವನ ಹೆಂಡತಿ ನೀಲವ್ವ ಅತ್ತೆ ಇದ್ದರು. ತೀರ ಸಣ್ಣವಳಿದ್ದಾಗ ನಾನು ಅಲ್ಲಿಗೆ ಹೋಗಿದ್ದೆನಂತೆ. ನನ್ನ ನೆನಪಿನಲ್ಲಿ ಉಳಿದದ್ದು ಇಷ್ಟೇ: ಯಾರದೋ ಹೆಗಲ ಮೇಲೆ ಕೂತಿದ್ದೇನೆ, ಎಲೆಗಳು ಮುಖಕ್ಕೆ ತಾಗುತ್ತಿವೆ, ಹೆಗಲು ಕೊಟ್ಟವನು ಪ್ರತಿ ಕೊಂಬೆ ಬಂದಾಗಲೂ “ಬಗ್ಗು, ಬಗ್ಗು” ಎನ್ನುತ್ತಿದ್ದಾನೆ. ಅದರಾಚೆ ಏನೂ ಇಲ್ಲ. ನನಗೆ ಐದು ವರ್ಷವಾದಾಗ ಅದೆಲ್ಲ ನಿಂತು ಹೋಯಿತು.

ನಿಂತು ಹೋದ ದಿನ ಚೆನ್ನಾಗಿ ನೆನಪಿದೆ. ಮಧ್ಯಾಹ್ನದ ಹೊತ್ತು, ನಮ್ಮ ಮನೆಯ ಮುಂದೆ ಒಂದು ಬಂಡಿ ನಿಂತಿತ್ತು. ಬಂಡಿಯಲ್ಲಿ ಕಡಿದ ಸಾಗವಾನಿ ಮರ, ಮೂಕಿಯ ಮೇಲೆ ಶರಣಪ್ಪ ಮಾಮಾ. ಅವನು ಮನೆಗೆ ಹೊಸದೊಂದು ಖೋಲಿ ಕಟ್ಟಿಸುತ್ತಿದ್ದ, ಅದರ ತೊಲೆಗೆ ಕಾಡಿನ ಮರ ಕಡಿದಿದ್ದ. ಬಂಡಿ ಹಿಡಿದವನು ನಮ್ಮಪ್ಪನೇ. ಅಪ್ಪ ಮೇಜನ್ನು ಅಂಗಳಕ್ಕೆ ತಂದು ಪಂಚನಾಮೆ ಬರೆಯುತ್ತಿದ್ದ. ಅವ್ವ ತಂಬಿಗೆಯಲ್ಲಿ ನೀರು ತಂದು ಅಣ್ಣನ ಮುಂದೆ ಹಿಡಿದಳು. ಅವನು ತೆಗೆದುಕೊಳ್ಳಲಿಲ್ಲ. ಅವಳು ತಂಬಿಗೆ ಹಿಡಿದುಕೊಂಡೇ ಅಪ್ಪನ ಕಡೆ ಹೊರಳಿದಳು.

“ಆತ ನಮ್ಮಣ್ಣ ಇದ್ದಾನ್ರಿ.”

“ಗೊತ್ತದ.”

“ಒಂದ ಮರ.”

“ನನಗೂ ಎಣಸಾಕ ಬರ್ತದ.”

ಮಾಮಾ ಆಗ ಬಾಯಿ ತೆರೆದ. ಅವನ ದನಿ ಏರಿರಲಿಲ್ಲ, ಅದೇ ನನಗೆ ಅಂಜಿಕೆಯಾದದ್ದು.

“ಬರೀಲಿ ಬಿಡು ಗಂಗವ್ವಾ. ಆದ್ರ ಇವತ್ತಿನಿಂದ ನಮ್ಮ ಮನಿ ದಾರಿ ಇವರಿಗಿಲ್ಲ.”

“ನಿಮ್ಮ ಮನಿ ಹೊಸ್ತಲಾ ತುಳಿಯಾಕ ಇಲ್ಲಿ ಯಾರೂ ಹಾದಿ ಕಾಯಾಕತ್ತಿಲ್ಲ,” ಎಂದ ಅಪ್ಪ, ಬರೆಯುತ್ತಲೇ.

ಇಬ್ಬರೂ ಗಂಡಸರು ಹೀಗೆ ಒಂದೊಂದು ಮಾತಿನಲ್ಲಿ ಅವ್ವನ ಮುಂದಿನ ಏಳು ವರ್ಷಗಳನ್ನು ಮುಗಿಸಿಬಿಟ್ಟರು. ಮಾಮಾನನ್ನು ಹುಮನಾಬಾದಿಗೆ ಕರೆದೊಯ್ದರು. ಒಂದು ರಾತ್ರಿ ಅವನು ಠಾಣೆಯಲ್ಲಿ ಕಳೆದ, ಊರೆಲ್ಲ ನೋಡಿತು. ಅಪ್ಪ ಯಾಕೆ ಹಾಗೆ ಮಾಡಿದನೆಂದು ನನಗೆ ತಿಳಿದದ್ದು ಬಹಳ ತಡವಾಗಿ, ಅವನು ಮುದುಕನಾಗಿ ನನ್ನ ಮನೆಯಲ್ಲಿ ಇದ್ದಾಗ. ಆ ವಾರವೇ ಅವನು ಕಟ್ಟಿಗೆ ಹೊರುವ ಒಬ್ಬ ಹೆಂಗಸಿನ ಕುಡಗೋಲು ಕಸಿದುಕೊಂಡಿದ್ದನಂತೆ. ಅವಳು ನೆಲಕ್ಕೆ ಕೂತು, “ಇದೇ ನಿನ್ನ ಬೀಗರಾಗಿದ್ರ ಬಿಡ್ತಿದ್ದಿಲ್ಲೇನೋ ಎಪ್ಪಾ?” ಎಂದು ಅತ್ತಿದ್ದಳಂತೆ. ಮೂರೇ ದಿನಕ್ಕೆ ಬೀಗರ ಬಂಡಿ ಎದುರಿಗೆ ಬಂತು. “ಹ್ಯಾಂಗ ಬಿಡಲಿ ಹೇಳು,” ಎಂದು ಅಪ್ಪ ನನ್ನನ್ನು ಕೇಳಿದ. ಕೇಳುವಾಗ ಅವನಿಗೆ ಎಂಬತ್ತು ವರ್ಷ, ಅವ್ವ ತೀರಿಹೋಗಿ ಒಂಬತ್ತು ವರ್ಷ.

ಆ ದಿನದಿಂದ ಅವ್ವ ಅಪ್ಪನ ಜೊತೆ ನೇರ ಮಾತಾಡುವುದನ್ನು ಬಿಟ್ಟಳು. ಜಗಳವಿಲ್ಲ, ಅಳುವಿಲ್ಲ, ಊಟ ತಪ್ಪಿಸಲಿಲ್ಲ. ಹೇಳಬೇಕಾದ್ದನ್ನೆಲ್ಲ ನನ್ನ ಕೈಲಿ ಹೇಳಿಸಿದಳು. “ಅವರಿಗೆ ಹೇಳು, ಉಪ್ಪ ತೀರ್ಯದ.” “ನಿಮ್ಮವ್ವಗ ಹೇಳು, ಶನಿವಾರ ಸಂತಿಗೆ ತರ್ತೀನಿ.” ಅಡಿಗೆ ಖೋಲಿಯಿಂದ ಮುಂದಿನ ಖೋಲಿಗೆ ನನ್ನ ಸಣ್ಣ ಕಾಲಿನಲ್ಲಿ ಹದಿನೆಂಟು ಹೆಜ್ಜೆ. ಆ ಹದಿನೆಂಟು ಹೆಜ್ಜೆಯಲ್ಲಿ ನಾನು ಒಂದು ಕಸುಬು ಕಲಿತೆ. ಒಮ್ಮೆ ಅಪ್ಪ ಊಟದ ಹೊತ್ತು ಮೀರಿಸಿ ಏನೋ ಬರೆಯುತ್ತ ಕೂತಾಗ ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು:

“ಅವರಿಗೆ ಹೇಳು, ಜಂಗಲ್ ಕಾಯೋರಿಗೆ ಮನಿ ಯಾಕ ಬೇಕು, ಹೋಗಿ ಮರದ ಬುಡಕ ಉಣ್ರಿ ಅಂತ.”

ನಾನು ಹದಿನೆಂಟು ಹೆಜ್ಜೆ ನಡೆದು ಅಪ್ಪನ ಮುಂದೆ ನಿಂತೆ.

“ಅಪ್ಪಾ, ಅವ್ವ ಊಟಕ್ಕ ಕರ್ಯಾಕತ್ತಾಳ.”

ಮೂರು ಖೋಲಿಯ ಮನೆ. ಅವಳು ಹೇಳಿದ್ದು ಅಪ್ಪನಿಗೆ ಕೇಳಿತ್ತು, ನಾನು ಹೇಳಿದ್ದು ಅವ್ವನಿಗೆ ಕೇಳಿತ್ತು. ಇಬ್ಬರೂ ನನ್ನನ್ನು ತಿದ್ದಲಿಲ್ಲ. ಅಪ್ಪ ಎದ್ದು ಕೈತೊಳೆದು ಬಂದು ಉಂಡ. ಮುಂದೆ ಶಾಲೆಯಲ್ಲಿ ಮಕ್ಕಳ ತಾಯಿತಂದೆಗಳ ನಡುವೆ, ಹೆಡ್‌ಮಾಸ್ತರು ಮತ್ತು ಜವಾನರ ನಡುವೆ, ನನ್ನ ಮಗ ಮತ್ತು ಅವನ ಅಪ್ಪನ ನಡುವೆ ನಾನು ಮಾಡುತ್ತ ಬಂದದ್ದೂ ಇದನ್ನೇ. ಚುಚ್ಚುವ ಮಾತಿನ ಮೊನೆ ತೆಗೆದು ದಾಟಿಸುವುದು. ಒಳ್ಳೆಯವಳು ಎಂದು ಹೆಸರೂ ಬಂತು. ಆದರೆ ನನಗೆ ಸಿಟ್ಟು ಬಂದಾಗ ಅದನ್ನು ಇದ್ದ ಹಾಗೆ ಹೇಳಲು ಇಂದಿಗೂ ಬರುವುದಿಲ್ಲ.

ಪಂಚಮಿ ಬಂದರೆ ಎಲ್ಲರ ಮನೆಗೂ ತವರಿನಿಂದ ಅಣ್ಣಂದಿರು ಕರೆಯಲು ಬರುತ್ತಾರೆ. ನಮ್ಮಲ್ಲಿಗೆ ಯಾರೂ ಬರುತ್ತಿರಲಿಲ್ಲ. ಅಪ್ಪ ಯಾರಿಗೂ ಹೇಳದೆ ಬಾವಿಯ ಹತ್ತಿರದ ಹುಣಸೆ ಮರಕ್ಕೆ ಹಗ್ಗ ಕಟ್ಟಿ ಜೋಕಾಲಿ ಮಾಡಿಟ್ಟು ಕಾಡಿಗೆ ಹೋಗಿಬಿಡುತ್ತಿದ್ದ. ಅವ್ವ ನನ್ನನ್ನು ಕೂರಿಸಿ ತೂಗುತ್ತಿದ್ದಳು, ತಾನು ಕೂರುತ್ತಿರಲಿಲ್ಲ. “ಆಯೀ ಊರಿಗೆ ಹೋಗೂಣ” ಎಂದು ನಾನು ಹಟ ಮಾಡಿದರೆ, “ಭಾಳ ದೂರ ಅದ ಕಮಲಾ. ಹುಮನಾಬಾದಿಗೆ ಹೋಗಬೇಕು, ಅಲ್ಲಿಂದ ಮತ್ತೊಂದು ಬಸ್ಸು. ದಿನಾನೇ ಹೋಗ್ತದ” ಎನ್ನುತ್ತಿದ್ದಳು. ಹಾಗಾಗಿ ಬೇವಿನವಾಡಿ ನನ್ನ ಮನಸ್ಸಿನಲ್ಲಿ ಹೈದರಾಬಾದಿನಷ್ಟೇ ದೂರದ ಊರು.

ಆ ವರ್ಷಗಳಲ್ಲಿ ಅವ್ವನಿಗೆ ಒಂದು ರೂಢಿಯಾಯಿತು. ಮಧ್ಯಾಹ್ನದ ಮುಸುರೆ ತಿಕ್ಕಿ, ಸೆರಗು ಹೊದ್ದು, “ಎಮ್ಮಿ ನೋಡಿ ಬರ್ತೀನಿ” ಎಂದು ಮನೆಯ ಹಿಂದಿನ ಗುಡ್ಡ ಹತ್ತುತ್ತಿದ್ದಳು. ಎಮ್ಮೆ ಬಹಳ ಸಲ ಬಾವಿಯ ಹತ್ತಿರವೇ ಮಲಗಿರುತ್ತಿತ್ತು. ಅಪ್ಪ ಅದನ್ನು ನೋಡಿಯೂ ಏನೂ ಅನ್ನುತ್ತಿರಲಿಲ್ಲ. ಒಂದೊಂದು ಸಲ ನಾನೂ ಬೆನ್ನು ಹತ್ತುತ್ತಿದ್ದೆ. ಗುಡ್ಡದ ನೆತ್ತಿಯಲ್ಲಿ ಸರ್ವೆಯವರು ನೆಟ್ಟ ಕಲ್ಲೊಂದಿತ್ತು, ಅದರ ಮೇಲೆ ಅವ್ವ ಪಡುವಣಕ್ಕೆ ಮುಖ ಮಾಡಿ ಕೂರುತ್ತಿದ್ದಳು. ನನ್ನನ್ನು ತನ್ನ ಮುಂದೆ ನೆಲಕ್ಕೆ ಕೂರಿಸಿ, ತಲೆ ತನ್ನ ಮೊಣಕಾಲ ನಡುವೆ ಹಿಡಿದು ಹೇನು ನೋಡುತ್ತಿದ್ದಳು. ಬಗ್ಗಿಸಿದ ನನ್ನ ಕಣ್ಣಿಗೆ ಹುಲ್ಲು, ಇರುವೆ, ಅವ್ವನ ಕಾಲುಂಗುರ. “ಇಲ್ಲಿ ಯಾಕ ಬರ್ತಿ ಅವ್ವಾ?” ಎಂದರೆ, “ಗಾಳಿ ಚಲೋ ಬರ್ತದ” ಎನ್ನುತ್ತಿದ್ದಳು. ಎಳ್ಳಮಾವಾಸ್ಯೆಗೆ ಎಲ್ಲರೂ ಬುತ್ತಿ ಕಟ್ಟಿಕೊಂಡು ತಮ್ಮ ತಮ್ಮ ಹೊಲಕ್ಕೆ ಹೋಗುತ್ತಾರೆ. ನಮಗೆ ಹೊಲವಿರಲಿಲ್ಲ. ಅವ್ವ ಸಜ್ಜೆರೊಟ್ಟಿ, ಭಜ್ಜಿಪಲ್ಯ ಕಟ್ಟಿಕೊಂಡು ಗುಡ್ಡಕ್ಕೇ ಹೋಗಿ, ಹೊಲಕ್ಕೆ ಚೆಲ್ಲುವ ಚರಗದ ಎಡೆಯನ್ನು ಕಾಡಿನ ಮೇಲೆ ಚೆಲ್ಲುತ್ತಿದ್ದಳು.

ನನಗೆ ಹನ್ನೆರಡು ವರ್ಷವಾದಾಗ ಆಯಿ ತೀರಿಕೊಂಡಳು. ರಸ್ತೆಯ ಬದಿಯ ಚಹಾ ಅಂಗಡಿಯವನು ಬೆಳಿಗ್ಗೆ ಓಡಿ ಬಂದು ಸುದ್ದಿ ಹೇಳಿದ. ಅವ್ವ ಹಿಟ್ಟಿನ ಕೈಯಲ್ಲೇ ನಡುವಿನ ಖೋಲಿ ದಾಟಿ ಮುಂದಿನ ಖೋಲಿಗೆ ಹೋಗಿ ಅಪ್ಪನ ಮೇಜಿನ ಮುಂದೆ ನಿಂತಳು. ನಾನು ಹಿಂದಿನಿಂದ ಓಡಿದೆ, ದಾಟಿಸಲು ಮಾತು ಇರಬಹುದೆಂದು. ಅವಳು ನನ್ನ ಕಡೆ ನೋಡಲಿಲ್ಲ.

“ಕಾಲದಾರಿಲೆ ಹೋಗೂಣ್ರಿ,” ಎಂದಳು ಅಪ್ಪನಿಗೆ.

ಅಪ್ಪ ಎದ್ದು ನಿಂತಿದ್ದ. ಅವನ ಮುಖ ನಾನು ಯಾವತ್ತೂ ನೋಡದ ಹಾಗಿತ್ತು.

“ಅಲ್ಲಿ ಈಗ ದಾರಿ ಇಲ್ಲ. ತಗ್ಗ ತೋಡೀವಿ, ಮುಳ್ಳ ಬೆಳದಾವ. ಕೂಸಿನ್ನ ಕರಕೊಂಡು ದಾಟಾಕ ಆಗೂದಿಲ್ಲ. ಬಸ್ಸಿಗೆ ಹೋಗೂಣ.”

ರಸ್ತೆಗೆ ಬಂದೆವು, ಬಸ್ಸು ತಡ. ಹುಮನಾಬಾದಿನಲ್ಲಿ ಇಳಿದೆವು, ಬೇವಿನವಾಡಿಯ ಕಡೆಗೆ ಹೋಗುವ ಬಸ್ಸು ಆಗತಾನೇ ಹೋಗಿತ್ತು. ಅಪ್ಪ ನಿಲ್ದಾಣದಲ್ಲಿ ಕೂರಲಿಲ್ಲ, ಬರುವ ಪ್ರತಿ ಬಸ್ಸಿನ ಮುಂದೆ ಓಡಿ ಹೋಗಿ ಬೋರ್ಡು ಓದುತ್ತಿದ್ದ. ಊರು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಅಗಸೆ ಬಾಗಿಲ ಹತ್ತಿರ ಗಂಡಸರು ಮಣ್ಣು ಮಾಡಿ, ಸನಿಕೆ ಹೊತ್ತು, ಕೈಕಾಲು ತೊಳೆದುಕೊಂಡು ವಾಪಸು ಬರುತ್ತಿದ್ದರು. ಅವರಲ್ಲಿ ಒಬ್ಬ ಮುದುಕ ಅವ್ವನನ್ನು ಗುರುತು ಹಿಡಿದು ನಿಂತ. “ತಡ ಮಾಡಿದೆಲ್ಲವ್ವ,” ಎಂದಷ್ಟೇ ಅಂದ.

ಶರಣಪ್ಪ ಮಾಮಾ ತಲೆಬಾಗಿಲಲ್ಲಿ ಕೂತಿದ್ದ. ತಂಗಿಯನ್ನು ನೋಡಿ ಎದ್ದ. ಏಳು ವರ್ಷದಲ್ಲಿ ಅವನ ಮೀಸೆ ಬೆಳ್ಳಗಾಗಿತ್ತು. ಅಪ್ಪ ಅಂಗಳದ ಬೇವಿನ ಮರದ ಬುಡದಲ್ಲಿ, ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ.

“ನೀ ಒಳಗ ಬಾ,” ಎಂದ ಮಾಮಾ. “ಕೂಸಿನ್ನ ಕರಕೊಂಡು ಬಾ.”

“ಇವರ್ನ ಕರಿ ಅಣ್ಣಾ.”

ಮಾಮಾ ಮುಖ ತಿರುಗಿಸಿದ. ಅವ್ವ ಹೊಸ್ತಿಲ ಹೊರಗೆ ನಿಂತು, ಬಗ್ಗಿ, ಆಯಿಯನ್ನು ಕಡೆಯ ಸಲ ಕೂರಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪವನ್ನು ಎಷ್ಟೋ ಹೊತ್ತು ನೋಡಿದಳು. ಹೊಸ್ತಿಲನ್ನು ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

“ಇವರ್ನ ಹೊರಗ ಬಿಟ್ಟು ನಾ ಒಳಗ ಬರಾಂಗಿಲ್ಲ ಅಣ್ಣಾ,” ಎಂದು ನನ್ನ ಕೈ ಹಿಡಿದು ಹೊರಳಿದಳು.

ಏಳು ವರ್ಷ ಗಂಡನ ಜೊತೆ ಮಾತು ಬಿಟ್ಟಿದ್ದ ಹೆಂಗಸು ಅವನಿಗಾಗಿ ತಾಯಿಯ ಮನೆಯ ಬಾಗಿಲಿಂದ ಹಿಂದಿರುಗಿದಳು. ನನಗಾಗ ಅದು ಅರ್ಥವಾಗಲಿಲ್ಲ, ಸಿಟ್ಟು ಬಂದಿತ್ತು. ಆಯಿಯ ಮನೆಯ ಒಳಗೆ ಏನಿದೆಯೆಂದು ನೋಡಬೇಕಿತ್ತು ನನಗೆ. ಬಸ್ ನಿಲ್ಲುವ ಕಡೆ ಒಂದು ಡಬ್ಬಿ ಅಂಗಡಿ. ಅವ್ವ ತಾನೇ ಹೋಗಿ ಎರಡು ಕೈಯಲ್ಲಿ ಎರಡು ಗ್ಲಾಸು ತಂದಳು, ಒಂದನ್ನು ಅಪ್ಪನ ಮುಂದೆ ಹಿಡಿದಳು.

“ಚಾ ಕುಡೀರಿ. ಮುಂಜಾನಿಂದ ಏನೂ ತಿಂದಿಲ್ಲ ನೀವು.”

ಅಪ್ಪ ಗ್ಲಾಸು ತೆಗೆದುಕೊಂಡ. ಅವಳ ಮುಖವನ್ನೇ ನೋಡುತ್ತ ಗ್ಲಾಸು ವಾಲಿಸಿದ, ಚಹಾ ಅಂಗಿಯ ಮೇಲೆ ಚೆಲ್ಲಿತು. ಅವ್ವ ಅದನ್ನು ಸೆರಗಿನಿಂದ ಒರೆಸಿದಳು. ಅಂದಿನಿಂದ ಅವರಿಬ್ಬರೂ ಮಾತಾಡಿದರು, ನನ್ನ ಕೆಲಸ ಹೋಯಿತು. ಅವ್ವ ಮಾತ್ರ ಗುಡ್ಡ ಹತ್ತುವುದನ್ನು ಬಿಡಲಿಲ್ಲ. ಮರುವರ್ಷ ಅಪ್ಪನಿಗೆ ವರ್ಗವಾಗಿ ನಾವು ಆ ಕಾಡು ಬಿಟ್ಟೆವು. ಅವ್ವ ಮತ್ತೆ ಬೇವಿನವಾಡಿಗೆ ಹೋಗಲಿಲ್ಲ, ಮಾಮಾ ಕರೆಯಲಿಲ್ಲ. ಅವ್ವ ತೀರಿಕೊಂಡಾಗ ಸುದ್ದಿ ಕಳಿಸಿದ್ದೆವು. ಮಾಮಾ ಹಾಸಿಗೆ ಹಿಡಿದಿದ್ದನಂತೆ, ಬರಲಿಲ್ಲ.

ಶಫೀಕ್ ಹೋದ ಮೇಲೆ ಆ ಸಂಜೆ ನಾನು ನಕ್ಷೆಯ ಮುಂದೆ ಕನ್ನಡಕ ಹಾಕಿಕೊಂಡು ಕೂತೆ. ಚೌಕಿಯಿಂದ ಒಂದು ಚುಕ್ಕೆ ಸಾಲು ಹೊರಟಿತ್ತು. ಚುಕ್ಕೆ ಸಾಲು ಎಂದರೆ ಕಾಲುದಾರಿ, ಎಂಟನೆಯ ತರಗತಿಯ ಮಗುವೂ ಹೇಳುತ್ತದೆ. ಅದು ಗುಡ್ಡದ ಪಕ್ಕೆ ಸವರಿಕೊಂಡು, ಒಂದು ಹಳ್ಳ ದಾಟಿ, ಹಸಿರಿನಿಂದ ಹೊರಬಿದ್ದು ಒಂದು ಊರಿಗೆ ಮುಟ್ಟಿತ್ತು. ಊರಿನ ಹೆಸರನ್ನು ಸರ್ವೆಯವರು ತಮಗೆ ಕೇಳಿದ ಹಾಗೆ ಬರೆದಿದ್ದರು. ಎರಡು ಸಲ ಬಾಯಿಬಿಟ್ಟು ಓದಿದ ಮೇಲೆ ಬೇವಿನವಾಡಿ ಎಂದು ತಿಳಿಯಿತು. ಮಕ್ಕಳಿಗೆ ಕಲಿಸಿದ ಹಾಗೆಯೇ ದಾರ ತೆಗೆದುಕೊಂಡು ಚುಕ್ಕೆಗಳ ಮೇಲೆ ಸುತ್ತಿಸಿ ಅಳೆದೆ. ಮೂರು ಇಂಚೂ ಇಲ್ಲ. ಮೂರು ಮೈಲಿಯೂ ಇಲ್ಲ. ಹೆಂಗಸೊಬ್ಬಳು ತಲೆಯ ಮೇಲೆ ಬುಟ್ಟಿ ಹೊತ್ತು ಒಂದು ತಾಸಿಗೆ ಮುಟ್ಟುವ ದಾರಿ. ಮಾಮಾನ ಹೆಗಲ ಮೇಲೆ ನಾನು ಬಗ್ಗಿ ಬಗ್ಗಿ ಹೋದ ದಾರಿ ಇದೇ. ಬಂಡಿ ಹಿಡಿದ ಮೇಲೆ ಮರಗಳ್ಳತನ ತಡೆಯಲೆಂದು ಅಪ್ಪ ತಗ್ಗು ತೋಡಿಸಿ ಮುಳ್ಳು ಹಾಕಿಸಿ ಮುಚ್ಚಿದ್ದ ದಾರಿಯೂ ಇದೇ. ಆಯಿ ಸತ್ತ ದಿನ ನಾವು ಹುಮನಾಬಾದ್ ಸುತ್ತಿ ಹೋಗಿದ್ದು ಇದು ಮುಚ್ಚಿದ್ದಕ್ಕೆ.

ಆಮೇಲೆ ನನ್ನ ಕಣ್ಣು ಗುಡ್ಡದ ಮೇಲೆ ಹೋಯಿತು. ಸರ್ವೆ ಕಲ್ಲಿನ ಗುರುತಾಗಿ ಒಂದು ಪುಟ್ಟ ತ್ರಿಕೋನ. ಸುತ್ತ ಕಂದು ರೇಖೆಗಳು ಒತ್ತೊತ್ತಾಗಿ ಇಳಿದಿದ್ದವು. ಮಗನ ಹಳೆಯ ಗ್ರಾಫ್ ಪುಸ್ತಕ ಹುಡುಕಿ ತಂದು, ತ್ರಿಕೋನದಿಂದ ಬೇವಿನವಾಡಿಯವರೆಗೆ ಗೆರೆ ಎಳೆದು, ಪ್ರತಿ ರೇಖೆಯ ಎತ್ತರ ಗುರುತಿಸಿ ಏರಿಳಿತದ ಚಿತ್ರ ಬರೆದೆ. ಗುಡ್ಡದಿಂದ ನೆಲ ಇಳಿಯುತ್ತದೆ, ಹಳ್ಳದ ಹತ್ತಿರ ತೀರ ತಗ್ಗಾಗುತ್ತದೆ, ಮತ್ತೆ ಮೆಲ್ಲಗೆ ಏರಿ ಊರಿಗೆ ಮುಟ್ಟುತ್ತದೆ. ನಡುವೆ ಅಡ್ಡ ಬರುವ ದಿಬ್ಬ ಒಂದೂ ಇಲ್ಲ. ಅಳತೆಪಟ್ಟಿ ಇಟ್ಟು ನೋಡಿದೆ, ಅಳಿಸಿ ಇನ್ನೊಮ್ಮೆ ಬರೆದು ನೋಡಿದೆ. ಆ ಕಲ್ಲಿನ ಮೇಲೆ ಕೂತರೆ ಬೇವಿನವಾಡಿ ಕಾಣುತ್ತದೆ. ಎರಡು ಮೈಲಿಯ ಒಳಗೆ, ನೇರ ಕಣ್ಣೆದುರು.

ಅವ್ವ ಎಂಟು ವರ್ಷ ಹತ್ತಿದ್ದು ಎಮ್ಮೆಗಾಗಿ ಅಲ್ಲ. ನಾನು ಅವಳ ಮೊಣಕಾಲ ನಡುವೆ ತಲೆ ತಗ್ಗಿಸಿ ಇರುವೆ ಎಣಿಸುತ್ತಿದ್ದಾಗ, ನನ್ನ ತಲೆಯ ಮೇಲಿಂದ ಅವಳು ತನ್ನ ತಾಯಿಯ ಮನೆಯನ್ನು ನೋಡುತ್ತಿದ್ದಳು. ನಾನು ಒಂದೇ ಒಂದು ಸಲ ಕತ್ತು ಎತ್ತಿ “ಅದು ಯಾವ ಊರು?” ಎಂದು ಕೇಳಿದ್ದರೆ, ಬಹುಶಃ ಹೇಳುತ್ತಿದ್ದಳು. ನಾನು ಕೇಳಲಿಲ್ಲ. ಅರವತ್ತು ದಾಟಿದ ಮೇಲೆ, ಊಟದ ಮೇಜಿನ ಮುಂದೆ, ಕೈಯಲ್ಲಿ ಪೆನ್ಸಿಲು ಹಿಡಿದು ನನಗೆ ಅವ್ವ ಬೇಕೆನಿಸಿದ ಹಾಗೆ ಅವಳು ಸತ್ತಾಗಲೂ ಬೇಕೆನಿಸಿರಲಿಲ್ಲ.

ನಾಲ್ಕು ದಿನ ತಡೆದೆ. ಐದನೆಯ ದಿನ ಶಫೀಕ್‌ಗೆ ಫೋನು ಮಾಡಿದೆ. ಅವನು ತನ್ನ ಓಮ್ನಿ ಗಾಡಿ ತಂದ. ರಸ್ತೆ ಬಿಟ್ಟು ಕಾಡಿನ ಕಡೆ ಹೊರಳಿದರೆ ಕಾಡು ನನ್ನ ನೆನಪಿನದಲ್ಲ. ಮುತ್ತಲ ಅಲ್ಲೊಂದು ಇಲ್ಲೊಂದು, ಉಳಿದೆಡೆ ಸಾಲು ಹಿಡಿದು ನೆಟ್ಟ ನೀಲಗಿರಿ, ಬಳ್ಳಾರಿ ಜಾಲಿ. ಚೌಕಿಯ ಜಾಗದಲ್ಲಿ ಕಟ್ಟೆಯಷ್ಟು ಎತ್ತರದ ಪಾಯ ಉಳಿದಿತ್ತು, ಕಲ್ಲುಗಳನ್ನು ಯಾರೋ ಒಯ್ದಿದ್ದರು. ಮೂರು ಖೋಲಿಗಳನ್ನು ಹೆಜ್ಜೆ ಹಾಕಿ ದಾಟಿದೆ. ಹತ್ತು ಹೆಜ್ಜೆಗೆ ಮುಗಿದು ಹೋಯಿತು. ಗುಡ್ಡ ಹತ್ತುವಾಗ ಮೊಣಕಾಲು ನೋಯುತ್ತಿತ್ತು, ಶಫೀಕ್ ಹಿಂದಿನಿಂದ ಮೇಲೆಮೇಲೆ “ಸಾಕ್ರಿ ಟೀಚರ್, ಇಲ್ಲೇ ಕುಂದರ್ರಿ” ಎನ್ನುತ್ತಿದ್ದ. ಕಲ್ಲು ವಾಲಿತ್ತು, ಆದರೂ ಇತ್ತು. ಅದರ ಮೇಲೆ ಕೂತು ಪಡುವಣಕ್ಕೆ ನೋಡಿದೆ. ಮೊಬೈಲ್ ಟವರು, ಬಿಳಿಯ ನೀರಿನ ಟಾಕಿ, ಅದರ ಸುತ್ತ ಬೇವಿನ ಮರಗಳ ನಡುವೆ ಮನೆಗಳ ಮಾಳಿಗೆ. ಮನುಷ್ಯರ ಗುರುತು ಸಿಗುವಷ್ಟು ಹತ್ತಿರವಲ್ಲ, ಒಲೆಯ ಹೊಗೆ ಕಾಣುವಷ್ಟು ಹತ್ತಿರ. ಆ ಮನೆಯಲ್ಲಿ ಇವತ್ತು ಒಲೆ ಹತ್ತಿದೆ, ತನ್ನ ತಾಯಿ ಇದ್ದಾಳೆ ಎಂದು ಅವ್ವನಿಗೆ ತಿಳಿಯುವಷ್ಟು.

“ಆ ಊರಿಗೆ ಹೋಗೂಣ ಶಫೀಕ್.”

“ಯಾರ ಹಾರ್ರಿ ಅಲ್ಲಿ?”

“ಗೊತ್ತಿಲ್ಲ. ಯಾರಾದ್ರೂ ಇರಬೇಕು.”

ಶರಣಪ್ಪ ಮಾಮಾ ಸತ್ತು ವರ್ಷಗಳಾಗಿದ್ದವು. ಆದರೆ ಮನೆ ತುಂಬಿತ್ತು. ಅಂಗಳದಲ್ಲಿ ಸೋಯಾ ರಾಶಿ, ಚೀಲ ಹೊಲಿಯುವ ಮಕ್ಕಳು, ಮೊಮ್ಮಕ್ಕಳು, ಟ್ರ್ಯಾಕ್ಟರಿನ ಸದ್ದು. ಪಡಸಾಲೆಯ ಹೊರಸಿನ ಮೇಲೆ ನೀಲವ್ವ ಅತ್ತೆ ಕೂತು ತೊಗರಿಕಾಯಿ ಸುಲಿಯುತ್ತಿದ್ದಳು. ಹಲ್ಲಿಲ್ಲ, ಬೆನ್ನು ಬಾಗಿದೆ, ಕಣ್ಣು ಚುರುಕಾಗಿವೆ.

“ಯಾರವ್ವ ನೀ?”

“ಗಂಗವ್ವನ ಮಗಳ್ರಿ. ಜಂಗಲ್ ಚೌಕ್ಯಾಗ ಇದ್ಲಲ್ಲ, ಆ ಗಂಗವ್ವ.”

ಅವಳ ಕೈಯಿಂದ ತೊಗರಿಕಾಯಿ ಬಿತ್ತು. ನನ್ನನ್ನು ಹತ್ತಿರ ಎಳೆದು ಮುಖವೆಲ್ಲ ತಡವಿದಳು. ನಾನು ನಕ್ಷೆಯ ಮಾತು ಹೇಳಿದೆ, ಗುಡ್ಡದ ಮಾತು ಹೇಳಿದೆ.

“ದಿನಾ ಕುಂದರ್ತಿದ್ಲು?” ಎಂದಳು ಅತ್ತೆ.

“ದಿನಾ.”

“ನಮಗ ಗೊತ್ತಿಲ್ಲವ್ವ. ಯಾರಿಗೂ ಗೊತ್ತಿದ್ದಿಲ್ಲ. ಗೊತ್ತಿದ್ರ ನಮ್ಮತ್ತಿ, ನಿಮ್ಮ ಆಯಿ, ದಿನಾ ಮಾಳಗಿ ಏರಿ ನಿಂದ್ರತಿದ್ಲು. ಮಗಳು ಬರವಲ್ಲಳು, ಬರವಲ್ಲಳು ಅಂತ ಹೇಳ್ಕೋತೇ ಹೋದಳು ಆಕಿ.” ಮತ್ತೆ ಹೇಳಿದಳು, “ನಿಮ್ಮ ಮಾಮಾನೂ ಸಾಯೂ ತನಕ ಒಂದೇ ಮಾತು ಅಂತಿದ್ದ. ಗಂಗವ್ವ ಒಂದ ಹೆಜ್ಜಿ ಒಳಗ ಇಟ್ಟಿದ್ರ ನಾ ಆತನ್ನೂ ಕರೀತಿದ್ದೆ ಅಂತ. ನಾ ಒಳಗ ತಂಬಗಿ ಹಿಡಕೊಂಡು ನಿಂತಿದ್ದೆ ಅವತ್ತು. ಹೊರಗ ಬರಾಕ ನನಗ ಧೈರ್ಯ ಆಗಲಿಲ್ಲ.”

ನಾನು ಹೊರಡಲು ಎದ್ದಾಗ ಅತ್ತೆ ಹಿರಿಯ ಸೊಸೆಯನ್ನು ಕರೆದು ಗೋಧಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ, ಒಂದು ಖಣ ತರಲು ಹೇಳಿದಳು. ತವರಿಗೆ ಬಂದ ಹೆಣ್ಣುಮಗಳನ್ನು ಹಾಗೇ ಕಳಿಸುವುದಿಲ್ಲ, ಸೆರಗಿನಲ್ಲಿ ಇಷ್ಟನ್ನೂ ಹಾಕಿ ಉಡಿ ತುಂಬಿ ಕಳಿಸುತ್ತಾರೆ. ಸೊಸೆ ಮೊರದಲ್ಲಿ ಎಲ್ಲವನ್ನೂ ತಂದು, ನನ್ನ ಬರಿ ಕೊರಳು ನೋಡಿ ನಿಂತಳು.

“ಅತ್ತಿ, ನಮ್ಮ ಯಜಮಾನ್ರು ಹೋಗಿ ನಾಕ ವರ್ಷ ಆಯ್ತ್ರಿ,” ಎಂದೆ. “ನನಗ ಉಡಿ ತುಂಬೂದು ಬ್ಯಾಡ.”

“ನಿನಗ ಯಾರು ತುಂಬಾಕತ್ತಾರ? ಇದು ನಿಮ್ಮವ್ವಂದು. ಆಕೀಗೆ ನಾ ಇನ್ನ ಎಲ್ಲಿ ಹುಡುಕಲಿ? ಸೆರಗ ಒಡ್ಡು.”

ನಾನು ಪೂರ್ವಕ್ಕೆ ಮುಖ ಮಾಡಿ ನಿಂತು ಸೆರಗು ಒಡ್ಡಿದೆ. ಅತ್ತೆ ಗೋಡೆ ಹಿಡಿದು ಎದ್ದು, ಬೊಗಸೆಯಲ್ಲಿ ಐದು ಸಲ ಗೋಧಿ ಸುರಿದಳು. ಪ್ರತಿ ಬೊಗಸೆಗೂ ಒಮ್ಮೆ “ಗಂಗವ್ವಾ” ಎಂದಳು. ಸೆರಗು ಭಾರವಾಯಿತು. ಎರಡೂ ಕೈಯಲ್ಲಿ ಅದನ್ನು ಹಿಡಿದಿದ್ದರಿಂದ ಕಣ್ಣು ಒರೆಸಿಕೊಳ್ಳಲು ನನಗೆ ಕೈ ಇರಲಿಲ್ಲ. ಅತ್ತೆಯೇ ಒರೆಸಿದಳು. ಆಮೇಲೆ ಒಳಗಿನ ಕಡೆ ತಿರುಗಿ ಸೊಸೆಗೆ ಗದರುವ ದನಿಯಲ್ಲಿ ಹೇಳಿದಳು:

“ನೋಡ್ಕೋತ ಏನ ನಿಂತಿ? ಒಲಿ ಹಚ್ಚು, ರೊಟ್ಟಿ ಬಡಿ. ಮಗಳು ಉಣ್ಣದ ಹೋಗಾಂಗಿಲ್ಲ.”